ಬೇಡದ ಕ್ರೇಟು

ನರಸಾಪುರ ದಾಟಿದ ಮೇಲೆ, ಹೆದ್ದಾರಿಗೆ ಬೆನ್ನು ಹಾಕಿ
ತಗಡಿನ ಗೋದಾಮು. ಒಳಗೆ ಯಾವಾಗಲೂ ಮಾರ್ಗಶಿರ.
ಹೊರಗೆ ಲಾರಿಯ ಬಾನೆಟ್ಟಿನ ಮೇಲೆ
ರೊಟ್ಟಿ ತಟ್ಟಬಹುದು, ಅಂಥ ಬಿಸಿಲು.

ಹನ್ನೊಂದು ವರ್ಷ ಕೋಲಾರದ ಮಂಡಿಯಲ್ಲಿ
ಟೊಮೊಟೊ ಆರಿಸಿದವಳು ನಾನು, ವಡಗೂರಿನ ಪಿಳ್ಳಮ್ಮ.
ಮೇಲಿನ ಹಣ್ಣು ಮುಟ್ಟಿ
ಕ್ರೇಟಿನ ತಳದ ಹಣ್ಣಿನ ಹಣೆಬರಹ ಹೇಳುತ್ತಿದ್ದೆ.
ಅದಕ್ಕೇ ಕರೆಸಿದರು.

ಕೆಲಸ ಇಷ್ಟೇ, ಎಂದ ಇಂಜಿನಿಯರು ಫಣೀಂದ್ರ,
ನೀವು ಎಂದಿನಂತೆ ಆರಿಸಿ, ಅದು ನೋಡಿ ಕಲಿಯುತ್ತೆ.
ತಲೆಯ ಮೇಲೆ ನಾಲ್ಕು ಕ್ಯಾಮೆರಾ.
ಬೆರಳಿಗೊಂದೊಂದು ಚುಕ್ಕಿ ಅಂಟಿಸಿದರು.
ಬಳೆ ತೆಗೀರಿ ಅಂದರು, ತೆಗೆದೆ.
ಒಂದು ಗಿಣ್ಣಿಗೆ ಸಿಕ್ಕಿಕೊಂಡು ಬರಲೇ ಇಲ್ಲ.
ಸೋಪು ಹಚ್ಚಿಯೂ ಬರಲಿಲ್ಲ. ಇರಲಿ ಬಿಡಿ ಅಂದರು.

ಮೂರು ತಿಂಗಳು ಪಾಠ.
ಬೆಲ್ಟಿನ ಮೇಲೆ ಹರಿದು ಬರುವ ಕೆಂಪು.
ಬಿರುಕು ಎಡಕ್ಕೆ. ಹುಳ ಎಡಕ್ಕೆ.
ಬಿಸಿಲಿಗೆ ಬೆಂದು ಭುಜ ಬಿಳಿಚಿದ್ದು ಎಡಕ್ಕೆ.
ಗಟ್ಟಿ, ನುಣುಪು, ಒಂದೇ ಅಚ್ಚಿನವು ಬಲಕ್ಕೆ,
ಬಲಗಡೆಯವು ಪ್ಲಾಸ್ಟಿಕ್ ಬಲೆ ಹೊಕ್ಕು
ಫೋನಿನ ಮೇಲೆ ಬೆರಳಾಡಿಸಿದವರ ಮನೆಗೆ.
ಎಡಗಡೆಯವು ಬೇಡದ ಕ್ರೇಟಿಗೆ.
ಬೇಡದ್ದು ಸಂಜೆ ನಮ್ಮದು,
ಆರು ಹೆಂಗಸರ ಡಬ್ಬಿಗೆ, ಸೆರಗಿಗೆ.

ಈಗ ನನ್ನ ಜಾಗದಲ್ಲಿ ಕೈಯೊಂದು ನಿಂತಿದೆ.
ಅದಕ್ಕೆ ಬೆನ್ನಿಲ್ಲ, ಬೆನ್ನುನೋವಿಲ್ಲ.
ಬೆರಳಿನ ಬದಲು ರಬ್ಬರಿನ ಮೂರು ತುಟಿ.
ನನಗೆ ಕ್ರೇಟು ತೊಳೆಯುವ ಕೆಲಸ ಕೊಟ್ಟರು.
ಮೊದಲ ದಿನ ಪೈಪು ಹಿಡಿದು ನೋಡುತ್ತೇನೆ,
ಎದೆ ಝಲ್ಲೆಂದಿತು:
ಪ್ರತಿ ಹಣ್ಣಿಗೂ ಮೊದಲು ಅದು
ಮಣಿಕಟ್ಟನ್ನೊಮ್ಮೆ ಕೊಡವುತ್ತೆ.
ಇಲ್ಲದ ಬಳೆಯನ್ನು ಹಿಂದಕ್ಕೆ ಸರಿಸುತ್ತೆ.

ಮೊನ್ನೆ ಫಣಿ ಲ್ಯಾಪ್‌ಟಾಪ್ ಹೊತ್ತು ಬಂದ, ಮುಖ ಹಾಗಲಕಾಯಿ.
ಅಮ್ಮಾ, ನೂರಕ್ಕೆ ನಾಲ್ಕು ಒಳ್ಳೇ ಹಣ್ಣು ಎಡಕ್ಕೆ ಹಾಕ್ತಾ ಇದೆ.
ಕಲೆ ಇಲ್ಲ, ಬಿರುಕಿಲ್ಲ.
ಯಾಕೆ ಅಂತ ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.
ಇನ್ನೊಂದು ಕಡೆ ಗಿರಾಕಿಗಳು ಬರೀತಾರೆ,
ಟೊಮೊಟೊ ಕಣ್ಣಿಗೆ ಚೆಂದ, ಸಾರು ಮಾತ್ರ ಸಪ್ಪೆ ಅಂತ.
ಬೇಡದ ಕ್ರೇಟಿನಿಂದ ಒಂದನ್ನು ತೆಗೆದು
ನನ್ನ ಒದ್ದೆ ಅಂಗೈಯಲ್ಲಿಟ್ಟ.

ಮುಟ್ಟಿದ್ದೇ ತಡ, ಗೊತ್ತಾಯಿತು.
ಗಿಡದಲ್ಲೇ ಕೆಂಪಾದದ್ದು,
ಹೈಬ್ರಿಡ್ಡಿನ ಹಿಂಡಿನಲ್ಲಿ ನುಸುಳಿ ಬಂದ ನಾಟಿ.
ತೊಟ್ಟಿನ ಸುತ್ತ ನೆರಿಗೆ ಹಿಡಿದಂಥ ಮಡಿಕೆ,
ಒಳಗೆ ಹುಳಿ ತುಂಬಿ ಸಿಪ್ಪೆ ತೆಳ್ಳಗಾಗಿದೆ.
ಇದನ್ನು ಕಿವುಚಿ, ಹುಣಸೆ ಮುಟ್ಟದೆ,
ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಸಾಕು,
ಮುದ್ದೆ ತಾನೇ ದಾರಿ ಹುಡುಕಿಕೊಂಡು ಇಳಿಯುತ್ತೆ.
ಮೂರು ತಿಂಗಳು, ದಿನಾ, ಊಟದ ಗಂಟೆಗೆ ಮುಂಚೆ
ನನ್ನ ಎಡಕ್ಕೆ ಜಾರಿದವು ಇವೇ.
ನಾಲ್ಕು ಕ್ಯಾಮೆರಾ ನೋಡುತ್ತಿದ್ದವು.
ಕಳ್ಳತನ ಅನ್ನಲು ಬಾಯಿ ಬರುವುದಿಲ್ಲ,
ಬೇರೆ ಹೆಸರೂ ಸಿಗುವುದಿಲ್ಲ.

ಹೊಟ್ಟೆಯೇ ಇಲ್ಲದ್ದು
ನನ್ನ ಸಾರಿನ ಹಣ್ಣನ್ನು ಗುರುತು ಹಿಡಿದಿದೆ!
ಎಲ್ಲೋ ಸಪ್ಪೆ ಸಾರು ಸೌಟಿನಲ್ಲಿ ಕದಡುತ್ತಾ
ಯಾರೋ ಪುಣ್ಯಾತ್ಗಿತ್ತಿ ಉಪ್ಪಿನ ಡಬ್ಬಿ ತಡಕುತ್ತಾಳೆ.
ಅವಳನ್ನು ನೆನೆದು ಒಂದು ಗಳಿಗೆ ಸುಮ್ಮನಿದ್ದೆ.
ಆಮೇಲೆ ಹೇಳಿದೆ: ಇದು ದೂರ ತಡೆಯಲ್ಲಪ್ಪ,
ನಾಳೆಗೆ ನೀರಾಗುತ್ತೆ.
ಸುಳ್ಳಲ್ಲ. ಪೂರಾ ನಿಜವೂ ಅಲ್ಲ.

ಫಣಿ ಹಣ್ಣನ್ನು ತಿರುಗಿಸಿ ನೋಡಿದ,
ಅಂಗಿಗೆ ಒರೆಸಿ ಕಚ್ಚಿದ.
ರಸ ಕೀಬೋರ್ಡಿನ ಮೇಲೆ ಬಿತ್ತು.
ತೋಳಿನಿಂದ ಒರೆಸಿಕೊಂಡು,
ನನ್ನ ಕಡೆ ನೋಡದೆ ಅಂದ:
ಹೌದಮ್ಮ. ತಡೆಯಲ್ಲ.
ಟೈಪು ಮಾಡಿದ. ಏನೆಂದು ಗೊತ್ತಿಲ್ಲ.
ಸೋಮವಾರದಿಂದ ಹೊಸ ಪಾಠ ಅಂತ ಒಬ್ಬರು,
ಇಲ್ಲ ಅಂತ ಇನ್ನೊಬ್ಬರು.

ಪೈಪು ಎತ್ತಿಕೊಂಡೆ. ಬೆಲ್ಟು ಹೊರಟಿತು.
ಕೈ, ಬಳೆ ಹಿಂದಕ್ಕೆ ಸರಿಸಿ,
ಮುಂದಿನ ಹಣ್ಣಿಗೆ ಬಾಗಿತು.